ಓಆರ್‌ಎಸ್ ಪೊಟ್ಟಣದಿಂದ ದೃಷ್ಟಿ ತೆಗೆಯುವುದನ್ನು ನಿಷೇಧಿಸುವ ಬಗ್ಗೆ

ಸಂಖ್ಯೆ: ವಾಂ.ಭೇ/ದೃಷ್ಟಿ/ತುರ್ತು/ಅತಿ ತುರ್ತು
ದಿನಾಂಕ: ಅಮಾಸಿಯ ಮಾರನೆಯ ದಿನ

ವಿಷಯ: ಹರಪನಹಳ್ಳಿ ತಾಲ್ಲೂಕು ತೆಲಿಗಿ ಕಡೆಯ ಹಳ್ಳಿಯೊಂದರ ವಾಂತಿಭೇದಿ ಕುರಿತು.
ಉಲ್ಲೇಖ: ಆರೋಗ್ಯ ನಿರೀಕ್ಷಕ ಬೆನಕಪ್ಪನವರು ಗ್ರಾಮಸಭೆಯಲ್ಲಿ ಟ್ಯಾಂಕಿನ ನೀರು ಕುಡಿದು ಮೀಸೆ ಒರೆಸಿಕೊಂಡದ್ದು.

ಭೂಮಂಡಲದಲ್ಲೇ ಅತಿ ಸ್ವಚ್ಛವೆಂದು ಇಲಾಖೆಯೇ ಘೋಷಿಸಿದ ಸದರಿ ಟ್ಯಾಂಕಿನ ಮುಚ್ಚಳವನ್ನು ಗಾಳಿಯು ಪೂರ್ವಾನುಮತಿಯಿಲ್ಲದೆ ಹಾರಿಸಿದ್ದು, ಒಳಗೆ ಪಾರಿವಾಳಗಳು ಸತ್ತಿರುತ್ತವೆ. ಆದಾಗ್ಯೂ ಬೆನಕಪ್ಪನವರು "ಇದರ ಮುಂದ ಗಂಗಾಜಲ ಏನೂ ಅಲ್ರೀ" ಎಂದು ಒಂದು ಚೊಂಬು ನೀರನ್ನು ಗಟಗಟನೆ ಏರಿಸಿರುತ್ತಾರೆ. ಆದ ಕಾರಣ ಈ ಕೆಳಕಂಡಂತೆ ಆದೇಶಿಸಿದೆ:

1. ಕಾರಣ: ಹೊಲಸು ನೀರು, ನೊಣ ಕುಳಿತ ತಿನಿಸು, ತೊಳೆಯದ ಕೈ. ಪಾರಿವಾಳಗಳನ್ನು ದೂರತಕ್ಕದ್ದಲ್ಲ, ಅವುಗಳಿಂದ ಸಮಜಾಯಿಷಿ ಇನ್ನೂ ಬಂದಿರುವುದಿಲ್ಲ.

2. ಲಕ್ಷಣ: ಹೊಟ್ಟೆ ನುಲಿತ, ವಾಂತಿ, ನೀರಿನಂತೆ ಭೇದಿ, ಜ್ವರ. ಸಿಬ್ಬಂದಿಯು ಚರಗಿ ಹಿಡಿದು ಓಡಿದ್ದನ್ನು 'ಕ್ಷೇತ್ರ ಭೇಟಿ' ಎಂದು ದಿನಚರಿಯಲ್ಲಿ ಬರೆಯತಕ್ಕದ್ದಲ್ಲ.

3. ಚಿಕಿತ್ಸೆ: ಮನೆಮನೆಗೆ ಹಂಚಿದ ಓಆರ್‌ಎಸ್‌ನ ಇಡೀ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯತಕ್ಕದ್ದು. ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಕೂಡಲೇ ಆಸ್ಪತ್ರೆ.

4. ಆದರೆ ಕುರಿ ಸಾಕುವ ಶ್ರೀಮತಿ ಹುಲುಗಮ್ಮನವರು ಪೊಟ್ಟಣದ ಮೇಲೆ 'ಲವಣ' ಎಂದಿರುವುದನ್ನು ಓದಿಸಿಕೊಂಡು, "ಉಪ್ಪು ಅಂದಮ್ಯಾಲ ದೃಷ್ಟಿ ತೆಗಿಯಾಕ ಕೊಟ್ಟಾರವ್ವ, ಸರಕಾರಕ್ಕ ಈಗರ ಬುದ್ಧಿ ಬಂತು" ಎಂದು ಓಣಿಗೆಲ್ಲ ಸಾರಿದ್ದು, ಊರಿಗೆ ಊರೇ ಒಣ ಮೆಣಸಿನಕಾಯಿ ಸಮೇತ ಪೊಟ್ಟಣ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಒಗೆದಿರುತ್ತದೆ. ಅವನ್ನು ನೆಕ್ಕಿದ ಕುರಿಗಳು ಹಡಗಲಿವರೆಗೆ ಓಡಿ, ದಣಿವಾಗದೆ ಹಿಂದಿರುಗಿರುತ್ತವೆ.

5. ಇನ್ನು ಮುಂದೆ ಪೊಟ್ಟಣದಿಂದ ದೃಷ್ಟಿ ತೆಗೆಯತಕ್ಕದ್ದಲ್ಲ; ಬೇರೆ ರೀತಿಯಲ್ಲಿ ತೆಗೆಸಿಕೊಳ್ಳುವವರು, ತಾಗಿದ ಕಣ್ಣಿನ ಮಾಲೀಕರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

6. ಬೆನಕಪ್ಪನವರು ಕಲ್ಲುಗುಂಡಿನಂತಿರುತ್ತಾರೆ. ಅವರು ನಿನ್ನೆಯಿಂದ ಪಂಚಾಯಿತಿ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡಿರುವುದು ಕೇವಲ ಆಡಳಿತಾತ್ಮಕ. ಹೊರಗಿನಿಂದ ಹುಲುಗಮ್ಮನವರು "ಸಾಹೇಬ್ರ, ಅಷ್ಟು ಮಂದಿ ಎದುರಿಗೆ ಕುಡುದ್ರಿ, ಕಣ್ಣು ಬಿದ್ದೈತಿ. ತೆಗಿಲೇನ್ರಿ?" ಎಂದು ವಿಚಾರಿಸಲಾಗಿ, ಒಳಗಿನಿಂದ "ಮೊದಲು ಒಂದು ಚರಗಿ ನೀರು ತಗಂಬಾ ಯವ್ವ!" ಎಂಬ ಮೌಖಿಕ ಉತ್ತರ ನೀಡಲಾಗಿದೆ.

ಸಹಿ/- (ನಡುಗಿದೆ)
ಬೆನಕಪ್ಪ, ನಿರೀಕ್ಷಕರು
ಸ್ಥಳ: ಕಲಂ 6ರಂತೆ

ಪ್ರತಿ:
1. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಕಚೇರಿಗಳಿಗೆ: ಮಾಹಿತಿಗಾಗಿ, ಹಾಗೂ ನಗದಿರುವುದಕ್ಕಾಗಿ.
2. ಮೃತ ಪಾರಿವಾಳಗಳ ವಾರಸುದಾರರಿಗೆ.
3. ಶ್ರೀಮತಿ ಹುಲುಗಮ್ಮನವರಿಗೆ: ಹುಟ್ಟಲಿರುವ ಮೊಮ್ಮಗುವಿನ ದೃಷ್ಟಿಗೆಂದು ತಾವು ಎತ್ತಿಟ್ಟಿರುವ, ಊರಿನಲ್ಲಿ ಉಳಿದ ಕಟ್ಟಕಡೆಯ ಪೊಟ್ಟಣವನ್ನು, ಬೇಕಿದ್ದರೆ ಒಮ್ಮೆ ನಿವಾಳಿಸಿ, ದಯಮಾಡಿ ಒಗೆಯದೆ, ಕುದಿಸಿ ಆರಿಸಿದ ನೀರಿಗೆ ಕಲಸಿ ಬಾಗಿಲ ಸಂದಿಯಿಂದ ಒಳಗೆ ಕೊಡುವ ಬಗ್ಗೆ.