ಚೆಂಡು ಬದುಕಿರುವ ದಾಖಲೆ

ಸನ್ ೧೯೩೫ನೇ ಇಸವಿಯ ಜನವರಿ ಹದಿಮೂರನೆಯ ತಾರೀಖು, ರವಿವಾರ, ಸಂಜೆ ಐದು ಗಂಟೆ ಹತ್ತು ಮಿನಿಟಿಗೆ ಮೂಡಲಗಿಯ ಬಯಲಿನಲ್ಲಿ ಒಂದು ಫುಟ್‌ಬಾಲ್ ಚೆಂಡು ತೀರಿಕೊಂಡಿತು. ಅದಕ್ಕೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಒಂದು ಗೋಲು ಮಾತ್ರ ಬಿಟ್ಟುಹೋಗಿತ್ತು. ಆ ಗೋಲು ಊರ್ಜಿತವೋ ಅಲ್ಲವೋ ಎಂಬುದನ್ನು ಗೋಕಾಕದ ಢಾಲು ಕಮಿಟಿಯವರು ಎಂಟು ವಾರ ವಿಚಾರಣೆ ನಡೆಸಿ ನಿಯಮದ ಪ್ರಕಾರವೇ ತೀರ್ಮಾನಿಸಿದರು. ಅದರಲ್ಲಿ ತಪ್ಪು ತೆಗೆಯುವಂಥದ್ದು ಏನೂ ಇಲ್ಲ.

ಅಂದು ಆಟ ನಡೆದದ್ದು ತುಕ್ಕಾನಟ್ಟಿಗೂ ಹುಕ್ಕೇರಿಗೂ. ಗೆದ್ದವರಿಗೆ ಕಮಿಟಿಯ ಬೆಳ್ಳಿ ಢಾಲು. ತುಕ್ಕಾನಟ್ಟಿಯವರು ಹನ್ನೊಂದು ವರ್ಷದಿಂದ ಬಿಡದೆ ಸೋಲುತ್ತ ಬಂದಿದ್ದರು, ಮತ್ತು ಆ ಹನ್ನೊಂದು ಸೋಲುಗಳ ಪರಾಮರ್ಶೆಯನ್ನೂ ಊರ ಕಿರಾಣಿ ಅಂಗಡಿಯ ರಾಚಪ್ಪ ಬಿಡದೆ ಬರೆದಿಟ್ಟಿದ್ದ. ರಾಚಪ್ಪ ಹುಟ್ಟಿದಾಗಿನಿಂದ ಒಮ್ಮೆಯೂ ಚೆಂಡು ಒದ್ದವನಲ್ಲ. ಒದೆಯುವವರಿಗೆ ಪುರುಸೊತ್ತಿಲ್ಲದ ಕಾರಣ ಅವರಿಗೆ ಆಟ ತಿಳಿಯುವುದಿಲ್ಲ, ದಂಡೆಯಲ್ಲಿ ನಿಂತವನಿಗೇ ತಿಳಿಯುತ್ತದೆ ಎಂದು ಅವನು ನಂಬಿದ್ದ. ಒಂದು ವರ್ಷ ಆರು ಗೋಲಿನಿಂದ ಸೋತಾಗ, ಮೊದಲರ್ಧದಲ್ಲಿ ಗಾಳಿ ಹುಕ್ಕೇರಿಯವರ ಬೆನ್ನಿಗಿತ್ತೆಂದೂ, ತಂಡಗಳು ಬಾಜೂ ಬದಲಿಸಿದ ಮೇಲೆ ಗಾಳಿಯೂ ಬಾಜೂ ಬದಲಿಸಿತೆಂದೂ ನಾಲ್ಕು ಪುಟಗಳಲ್ಲಿ ಸಿದ್ಧಮಾಡಿ ತೋರಿಸಿದ್ದ. ಊರು ಓದಿಸಿ ಕೇಳಿ ಒಪ್ಪಿಕೊಂಡಿತ್ತು.

ಈ ಸಲ ಗೆದ್ದರು. ಆಟ ಮುಗಿಯಲು ಎರಡು ಮಿನಿಟು ಇರುವಾಗ ಕುರುಬರ ಮಾಲಿಂಗಪ್ಪ ಬಯಲಿನ ನಟ್ಟನಡುವೆ ನಿಂತು ಬರಿಗಾಲಿನಿಂದ ಬೀಸಿ ಒದ್ದ. ಫಟ್ ಎಂದು ಸದ್ದಾಯಿತು. ಚೆಂಡು ಗೋಲು ಕಾಯುವವನ ತಲೆಯ ಮೇಲಿಂದ ಹಾರಿ ಕಂಬಗಳ ನಡುವೆ ಬಿತ್ತು. ಬಿದ್ದದ್ದು ಉರುಳಲಿಲ್ಲ, ಪುಟಿಯಲಿಲ್ಲ, ರೊಟ್ಟಿ ಹಾಗೆ ಅಲ್ಲೇ ಅಂಟಿಕೊಂಡು ಕುಳಿತಿತು. ರೆಫ್ರಿಯಾಗಿದ್ದ ಮೂಡಲಗಿಯ ಸಾಲಿ ಮಾಸ್ತರರು ಗೋಲು ಎಂದು ಸೀಟಿ ಊದಿ, ಮರುದಿನ ಸಂಕ್ರಮಣವಾದ್ದರಿಂದ ಬೇಗ ಬೇಗ ಮನೆಗೆ ಹೋದರು. ರಾಚಪ್ಪ ದಂಡೆಯಲ್ಲೇ ಕುಕ್ಕರಿಸಿ ಅತ್ತ. ಇಷ್ಟು ಸಂತೋಷ ಅವನಿಗೆ ಮದುವೆಯಲ್ಲಿಯೂ ಆಗಿರಲಿಲ್ಲ, ಅದನ್ನು ಹೆಂಡತಿ ಕಾಶೆವ್ವನ ಮುಂದೆಯೇ ಹೇಳಿದ.

ಸಂಕ್ರಮಣದ ದಿನ ಕಾಶೆವ್ವ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿಟ್ಟು ಕರೆದರೆ ಅವನು ದಸ್ತು ಕಾಗದ ಹರಡಿಕೊಂಡು ಕುಳಿತಿದ್ದ.

“ಗೆದ್ದ ಮ್ಯಾಲೂ ಬರಿಯೂದೇನೈತ್ರಿ?” ಎಂದಳು.

“ಯಾಕ ಗೆದ್ವಿ ಅಂತ ಬರಿಯೂದು ಬ್ಯಾಡೇನು?”

“ಅವರಿಗಿಂತ ಒಂದು ಹೆಚ್ಚಿಗಿ ಹೊಡದ್ರಿ, ಗೆದ್ರಿ.”

“ಅದು ಮ್ಯಾಲಿನ ಕಾರಣ ಆತು,” ಎಂದ ರಾಚಪ್ಪ, ಒಳಗಿನ ಕಾರಣಗಳಿಗೆ ಹೊಸ ಪುಟ ತಿರುವಿದ.

ಸೋಲಿನ ಬಗ್ಗೆ ಬರೆಯುವಾಗ ಅವನ ಕೈಗೆ ಒಂದು ಹಿಡಿತವಿತ್ತು. ಗೆಲವಿನ ಬಗ್ಗೆ ಬರೆದು ರೂಢಿಯಿರಲಿಲ್ಲ, ಹಾಗಾಗಿ ಲೇಖನಿ ಓಡಿತು. ಹನ್ನೊಂದು ಪುಟವಾಯಿತು. ಒಂಬತ್ತನೆಯ ಪುಟದಲ್ಲಿ ಅವನು ಹೀಗೆ ಬರೆದ: “ಮಾಲಿಂಗಪ್ಪನ ಬಲಗಾಲು ಸೋಕಿದ ಕ್ಷಣವೇ ಚೆಂಡು ಪ್ರಾಣ ಬಿಟ್ಟಿತು. ಅಲ್ಲಿಂದ ಗೋಲಿನವರೆಗೆ ಅರವತ್ತು ಹೆಜ್ಜೆ ಹಾರಿದ್ದು ಅದರ ಹೆಣ. ಜೀವಂತ ಚೆಂಡಿನಿಂದ ಗೋಲು ಯಾರು ಬೇಕಾದರೂ ಮಾಡಿಯಾರು.” ಇದನ್ನು ಅಂಗಡಿಯ ಕಟ್ಟೆಯ ಮೇಲೆ ಮೂರು ದಿನ ಓದಿದ, ಒಂಬತ್ತನೆಯ ಪುಟಕ್ಕೆ ಬಂದಾಗಲೆಲ್ಲ ಚಪ್ಪಾಳೆ ಬಿತ್ತು. ನಾಲ್ಕನೆಯ ದಿನ ಶುದ್ಧ ಪ್ರತಿಯೊಂದನ್ನು ಮಾಡಿ, ಹುಕ್ಕೇರಿಯವರಿಗೂ ಕಲಿಯಲು ಅನುಕೂಲವಾಗಲಿ ಎಂದು ಟಪಾಲಿಗೆ ಹಾಕಿದ.

ಹುಕ್ಕೇರಿ ತಂಡದ ಮುಖಂಡ ಹಣಮಂತ ಒಬ್ಬ ವಕೀಲರ ಕಡೆ ಕಾರಕೂನನಾಗಿದ್ದ. ಅವನು ಪರಾಮರ್ಶೆಯನ್ನು ಎರಡು ಸಲ ಓದಿ ಕಲಿತ. ಮೂರನೆಯ ದಿನವೇ ಢಾಲು ಕಮಿಟಿಗೆ ಅವನ ತಕರಾರು ಅರ್ಜಿ ಬಂತು: ಕಮಿಟಿಯ ಹದಿನಾಲ್ಕನೆಯ ನಿಯಮದಂತೆ ಆಟವು ಜೀವ ಇರುವ ಚೆಂಡಿನಿಂದಲೇ ನಡೆಯತಕ್ಕದ್ದು, ಎದುರು ಪಕ್ಷದವರ ಸ್ವಂತ ಬರವಣಿಗೆಯ ಪ್ರಕಾರ ಗೆರೆ ದಾಟಿದ್ದು ಹೆಣ, ಆದ್ದರಿಂದ ಗೋಲು ರದ್ದಾಗಿ ಆಟ ಸಮವಾಗುತ್ತದೆ, ಪದ್ಧತಿಯಂತೆ ಢಾಲು ಹಿಂದಿನ ವರ್ಷ ಗೆದ್ದ ಹುಕ್ಕೇರಿಗೇ ಬರಬೇಕು.

ಕಮಿಟಿಯ ಅಧ್ಯಕ್ಷರು ಪರಪ್ಪನವರು. ಮೂವತ್ತೆರಡು ವರ್ಷ ಸರಕಾರಿ ಚಾಕರಿ ಮಾಡಿ ಅವ್ವಲ ಕಾರಕೂನರಾಗಿ ನಿವೃತ್ತರಾದವರು. ಜನ ರಾವಸಾಹೇಬರೆಂದು ಕರೆಯುತ್ತಿದ್ದರು, ಸರಕಾರ ಕರೆದಿರಲಿಲ್ಲ. ನಿವೃತ್ತಿಯಾದ ತಿಂಗಳು ಮನೆಯಲ್ಲಿ ಕೈಕಾಲು ಆಡದೆ, ಅವರು ಫುಟ್‌ಬಾಲಿಗೆ ಅರವತ್ತೆರಡು ನಿಯಮಗಳನ್ನು ಬರೆದುಕೊಟ್ಟರು. ಅವುಗಳಲ್ಲಿ ಚೆಂಡಿಗೆ ಸಂಬಂಧಪಟ್ಟವು ಎರಡು. ಉಳಿದವು ರಜೆ, ಶಾಯಿ, ಮತ್ತು ಮಳೆಗಾಲದಲ್ಲಿ ಸಿಪಾಯಿಯ ಕೊಡೆಯ ಕುರಿತು. ಅರ್ಜಿ ನೋಡಿದ ಪರಪ್ಪನವರ ಮುಖ ಎಷ್ಟೋ ವರ್ಷದ ಮೇಲೆ ಅರಳಿತು. ಅಕಸ್ಮಾತ್ ಮರಣದ ಪ್ರಕರಣ ಹೇಗೆ ನಡೆಸಬೇಕೆಂಬುದು ಅವರಿಗೆ ಬಾಯಿಪಾಠ ಬರುತ್ತಿತ್ತು.

ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿಯ ಮೇಲಿನ ಮಾಳಿಗೆಯೇ ಕಮಿಟಿಯ ಕಚೇರಿ. ಅಲ್ಲಿ ಚೆಂಡನ್ನು ಚಾಪೆಯ ಮೇಲೆ ಪೂರ್ವಕ್ಕೆ ತಲೆ ಮಾಡಿ ಮಲಗಿಸಿ, ಐದು ಜನ ಪಂಚರ ಸಮಕ್ಷಮ ಪಂಚನಾಮೆ ಆಯಿತು. ಪೂರ್ವ ಯಾವ ಕಡೆ ಎಂಬುದು ಬೇಗ ತಿಳಿಯಿತು, ತಲೆ ಯಾವ ಕಡೆ ಎಂಬುದಕ್ಕೆ ಅರ್ಧ ದಿನ ಹಿಡಿಯಿತು. “ಮೃತ ಚೆಂಡಿನ ಮೈಬಣ್ಣ ಕಂದು. ಮೈಕಟ್ಟು ಮೊದಲು ದುಂಡಗಿದ್ದಂತೆ ತಿಳಿದುಬರುತ್ತದೆ. ಎಡಪಕ್ಕೆಯಲ್ಲಿ ಮೂರು ಬೆರಳಗಲ ಸೀಳಿದ ಗಾಯ. ಗಾಯದಿಂದ ರಬ್ಬರು ಹೊರಬಂದಿದೆ. ಮೈಮೇಲೆ ಒಡವೆ ದಾಗೀನು ಇಲ್ಲ. ಯಾರ ಮೇಲೂ ಸಂಶಯ ಇಲ್ಲ.” ಪಂಚರು ಹೆಬ್ಬೆಟ್ಟು ಒತ್ತಿ ಕೆಳಗಿಳಿದು ಕರದಂಟು ತಿಂದರು.

ಮರಣದ ಹೊತ್ತು ಗೊತ್ತುಮಾಡಲು ದನದ ಡಾಕ್ಟರರನ್ನು ಕರೆಸಿದರು. ಅವರು ಚೆಂಡನ್ನು ಮೂಸಿ, ತಿರುವಿ, ತಟ್ಟಿ ನೋಡಿದರು.

“ಚರ್ಮ ಆಕಳದ್ದು, ಅಂದ ಮ್ಯಾಲ ಕೇಸು ನಮ್ಮ ಇಲಾಖೆದ್ದ,” ಎಂದರು. “ಆದರ ಈ ಆಕಳ ಎಂಟ್ಹತ್ತು ವರ್ಷದ ಹಿಂದನ ಒಮ್ಮಿ ಸತ್ತೈತ್ರಿ. ಎರಡನೇ ಸಲ ಯಾವಾಗ ಸತ್ತತು ಅಂತ ಹೇಳಾಕ ನನಗ ಅಧಿಕಾರ ಇಲ್ಲ.”

ಅದನ್ನೂ ಹಾಗೆಯೇ ಬರೆದುಕೊಂಡರು. ಆಮೇಲೆ ಮಾಲಿಂಗಪ್ಪನ ಜಬಾನಿ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ.

“ನೀ ಒದ್ದಾಗ ಚೆಂಡು ಜೀವಂತ ಇತ್ತೋ ಇಲ್ಲೋ?” ಎಂದು ಪರಪ್ಪನವರು ಕೇಳಿದರು.

“ಮಾತಾಡ್ಸಿಲ್ರಿ ನಾ.”

“ಸಪ್ಪಳ ಬಂತೋ ಇಲ್ಲೋ?”

“ಫಟ್ ಅಂದದ್ದು ಖರೆ ಐತ್ರಿ. ಅಂದದ್ದು ಚೆಂಡೋ ನನ್ನ ಹಿಮ್ಮಡವೋ, ಗೊತ್ತಾಗ್ಲಿಲ್ಲ. ಅವತ್ತಿನಿಂದ ಎರಡೂ ಸರಿ ಇಲ್ಲ ನೋಡ್ರಿ.”

ಹಿಮ್ಮಡದ ಪಂಚನಾಮೆ ಬೇರೆ ಮಾಡಬೇಕಾಗುತ್ತದೆಂದು ಅದನ್ನು ಕೈಬಿಟ್ಟರು. ಕೊನೆಗೆ ಹಣಮಂತ ಎದ್ದು ಪರಾಮರ್ಶೆಯ ಒಂಬತ್ತನೆಯ ಪುಟವನ್ನು ಗಟ್ಟಿಯಾಗಿ ಓದಿದ. ಕೇಳಲು ಬಂದಿದ್ದ ತುಕ್ಕಾನಟ್ಟಿಯವರು ರೂಢಿಯಂತೆ ಚಪ್ಪಾಳೆ ತಟ್ಟಿದರು. ರಾಚಪ್ಪನೂ ಅರ್ಧ ತಟ್ಟಿ ಕೈ ನಿಲ್ಲಿಸಿದ.

“ಇದು ನಿಮ್ಮ ಅಕ್ಷರ ಹೌದಲ್ರಿ?” ಎಂದರು ಪರಪ್ಪನವರು.

“ಹೌದ್ರಿ ರಾವಸಾಹೇಬ್ರ. ಆದರ ಅಭಿಮಾನದಾಗ ಬರದೇನ್ರಿ.”

“ಅಭಿಮಾನ ಅಂತ ನಮ್ಮ ತಖ್ತೇದಾಗ ಖಾನೆ ಇಲ್ಲ. ಖರೆ, ಸುಳ್ಳ, ಗೈರಹಾಜರ, ಈ ಮೂರ ಅದಾವ. ಯಾವುದರಾಗ ಹಾಕಲಿ?”

ಖರೆ ಎಂದರೆ ಗೋಲು ಹೋಗುತ್ತದೆ. ಸುಳ್ಳು ಎಂದರೆ ಹನ್ನೊಂದು ಪುಟದ ಗೆಲವೂ ಹನ್ನೊಂದು ವರ್ಷದ ಸೋಲುಗಳೂ ಒಬ್ಬ ಸುಳ್ಳುಗಾರನ ಬರಹವಾಗುತ್ತವೆ. “ಗೈರಹಾಜರ ಹಾಕ್ರಿ,” ಎಂದ ರಾಚಪ್ಪ. ಕಮಿಟಿಯವರು ಒಂಬತ್ತನೆಯ ಪುಟಕ್ಕೆ ಮುಂದಿನ ತಾರೀಖಿಗೆ ಹಾಜರಾಗುವಂತೆ ನೋಟೀಸು ಕೊಟ್ಟರು.

ಆ ವಾರ ಅವನು ಅಂಗಡಿಯಲ್ಲಿ ಬೆಲ್ಲ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟ. ಹನ್ನೆರಡು ವರ್ಷಕ್ಕೆ ಒಂದು ಗೆಲವು ಬಂದಿತ್ತು, ಅದನ್ನು ತಾನೇ ಬರೆದು ಕಳಕೊಳ್ಳುತ್ತಿದ್ದೇನಲ್ಲ ಎಂದು ಗಿರಾಕಿಗಳ ಮುಂದೆಲ್ಲ ಹಲುಬಿದ. ಬೇರೆ ಯಾರಾದರೂ ಹಾಳುಮಾಡಿದ್ದರೆ ಕನಿಷ್ಠ ಅದರ ಪರಾಮರ್ಶೆಯನ್ನಾದರೂ ಬರೆಯಬಹುದಾಗಿತ್ತು.

ಮಾರ್ಚಿಯಲ್ಲಿ ಕೊನೆಯ ತಾರೀಖು. ಎಲ್ಲರೂ ಮಾಳಿಗೆ ಹತ್ತಿ ಬಂದರೆ ಪರಪ್ಪನವರು ರುಮಾಲು ಸುತ್ತಿಕೊಂಡು ಹೊರಡುವ ಗಡಿಬಿಡಿಯಲ್ಲಿದ್ದರು. ತೀರ್ಪು ನಾಳಿದ್ದು ಹೇಳುತ್ತೇನೆಂದರು.

“ನಾಳಿ ಯಾಕ ಬ್ಯಾಡ್ರಿ?” ಎಂದು ಹಣಮಂತ ಕೇಳಿದ.

“ನಾಳಿ ನಂದು ಹಯಾತಿ ಐತಿ. ಪೆನ್ಶನ್ನಿನವರು ವರ್ಷಕ್ಕೊಮ್ಮಿ ಖುದ್ದ ಹೋಗಿ, ಇನ್ನೂ ಬದುಕೇನಿ ಅಂತ ತೋರಿಸಿ ದಾಖಲೆ ತೊಗೊಂಡು ಬರಬೇಕು.”

ರಾಚಪ್ಪ ತಲೆಯೆತ್ತಿದ. “ನಿಮ್ಮ ನಾಡಿ ಹಿಡದು ನೋಡ್ತಾರೇನ್ರಿ?”

“ನಾಡಿ ಯಾಕ ನೋಡ್ತಾರ? ಮರಣದ ರಜಿಸ್ಟರದಾಗ ಹೆಸರು ಬಂದೈತೋ ಇಲ್ಲೋ ನೋಡ್ತಾರ. ಬಂದಿಲ್ಲಂದ್ರ ಅದಾನ ಅಂತ ಬರೀತಾರ.”

“ಜ್ವರ ಬಂದು ಎಚ್ಚರ ಇಲ್ಲದವನ್ನ ಹೊತಗೊಂಡು ಹ್ವಾದ್ರ?”

“ಹೊತಗೊಂಡು ಹ್ವಾದ್ರೂ ಹಾಜರ ಹಾಜರನ. ಸತ್ತಾನೋ ಇಲ್ಲೋ ಅನ್ನೂದು ಮೈ ನೋಡಿ ಹೇಳೂದಲ್ಲ ರಾಚಪ್ಪ, ರಜಿಸ್ಟರ ನೋಡಿ ಹೇಳೂದು. ಮೂವತ್ತೆರಡು ವರ್ಷ ನಾನೂ ಹಂಗ ಬರದೇನಿ.”

“ಹಂಗಾರ ನಮ್ಮ ಚೆಂಡಿನ ಹೆಸರು ಯಾವ ರಜಿಸ್ಟರದಾಗ ಬಂದೈತ್ರಿ?”

ಪರಪ್ಪನವರು ರುಮಾಲು ಬಿಚ್ಚಿ ಕುಳಿತರು. ಸಿಪಾಯಿಯನ್ನು ಮೂಡಲಗಿಗೂ ತುಕ್ಕಾನಟ್ಟಿಗೂ ಹುಕ್ಕೇರಿಗೂ ಅಟ್ಟಿ ಮರಣದ ರಜಿಸ್ಟರುಗಳನ್ನು ನೋಡಿಸಿದರು. ಜನವರಿ ಹದಿಮೂರಕ್ಕೆ ಮೂಡಲಗಿಯಲ್ಲಿ ಒಬ್ಬ ಮುದುಕಿ ಇದ್ದಳು, ಚೆಂಡು ಇರಲಿಲ್ಲ. ನಾಲ್ಕನೆಯ ದಿನ ಠರಾವು ಹೊರಬಿತ್ತು:

“ಸದರಿ ಚೆಂಡಿನ ಮರಣವು ಯಾವ ಊರಿನ ದಫ್ತರದಲ್ಲಿಯೂ ನೋಂದಾಗಿರುವುದಿಲ್ಲ. ಅರ್ಥಾತ್ ಚೆಂಡು ಗೋಲಿನ ಕಾಲಕ್ಕೆ ಜೀವಂತ ಇತ್ತು, ಈಗಲೂ ಇದೆ. ಗೋಲು ಊರ್ಜಿತ. ಢಾಲು ತುಕ್ಕಾನಟ್ಟಿಗೆ ಕೊಡತಕ್ಕದ್ದು. ಆದರೆ ಗೆಲವು ಚೆಂಡಿನ ಜೀವಕ್ಕೆ ಹೊಂದಿಕೊಂಡಿರುವುದರಿಂದ, ಪ್ರತಿ ವರ್ಷ ಮಾರ್ಚಿ ಒಂದಕ್ಕೆ ಚೆಂಡು ಖುದ್ದು ಹಾಜರಾಗಿ, ಪರಿಚಯದ ಇಬ್ಬರು ಗೃಹಸ್ಥರ ಸಹಿಯೊಡನೆ ಹಯಾತಿ ದಾಖಲೆ ಪಡೆಯತಕ್ಕದ್ದು. ತಪ್ಪಿದಲ್ಲಿ ಚೆಂಡು ಆಟದ ದಿನವೇ ಮೃತಪಟ್ಟಿತೆಂದು ತಿಳಿಯಲಾಗುವುದು.”

ತುಕ್ಕಾನಟ್ಟಿಯವರು ರಾಚಪ್ಪನನ್ನು ಹೆಗಲ ಮೇಲೆ ಹೊತ್ತು ಪೇಟೆಯಲ್ಲಿ ಕುಣಿದರು. ಗುಲಾಲು ಹಾರಿತು, ಹಲಗೆ ಬಡಿದರು, ಮಾಲಿಂಗಪ್ಪ ಚೆಂಡನ್ನು ತಲೆಯ ಮೇಲಿಟ್ಟುಕೊಂಡು ಕುಂಟುತ್ತಲೇ ಕುಣಿದ. ರಾಚಪ್ಪ ಮೇಲಿನಿಂದಲೇ ಹನ್ನೊಂದೂ ಪುಟಗಳನ್ನು ಓದಿದ, ಒಂಬತ್ತನೆಯದನ್ನು ಮಾತ್ರ ಬಿಟ್ಟ. ಆ ರಾತ್ರಿ ಊರಿಗೆ ಊರೇ ಉಂಡು ಮಲಗಿತು.

ಮುಂದಿನ ಜನವರಿಯಲ್ಲಿ ಆಟಕ್ಕೆಂದು ಹೊಸ ಚೆಂಡಿಗೆ ಅರ್ಜಿ ಹಾಕಿದರು. ಇಪ್ಪತ್ತಮೂರನೆಯ ನಿಯಮ ಅಡ್ಡ ಬಂತು: ಒಂದು ಚೆಂಡು ಬದುಕಿರುವಾಗ ಎರಡನೆಯದಕ್ಕೆ ಮಂಜೂರಾತಿ ಇಲ್ಲ. ಹಳೆಯದನ್ನೇ ಆಡಿಸೋಣವೆಂದರೆ, ಅದಕ್ಕೆ ವಯಸ್ಸಾದ್ದರಿಂದ ಕಮಿಟಿಯವರು ಗೌರವಪೂರ್ವಕ ನಿವೃತ್ತಿ ಕೊಟ್ಟಿದ್ದರು. ಹೀಗಾಗಿ ಆಟ ನಿಂತಿತು. ಹುಕ್ಕೇರಿಯವರು ಬೇಸರ ಮಾಡಿಕೊಳ್ಳಲಿಲ್ಲ. ಆಡದೆ ಇದ್ದರೆ ಸೋಲುವ ಭಯವಿಲ್ಲವೆಂಬುದು ಅವರಿಗೆ ಹಿಡಿಸಿತು. ಹಯಾತಿಗೆ ಎರಡನೆಯ ಗೃಹಸ್ಥನ ಸಹಿ ಬೇಕಾದಾಗ ಹಣಮಂತನೇ ಬಂದು, ಚೆಂಡನ್ನು ತಾನು ಬಹಳ ದಿನದಿಂದ ಬಲ್ಲೆನೆಂದು ಬರೆದುಕೊಟ್ಟ. ರಾಚಪ್ಪ ಅವನಿಗೆ ಕರದಂಟು ಕೊಡಿಸಿದ. ವರ್ಷಾ ವರ್ಷಾ ಇದೇ ನಡೆಯಿತು, ಮತ್ತು ರಾಚಪ್ಪ ವರ್ಷಾ ವರ್ಷಾ ಅದೇ ಗೆಲವಿಗೆ ಹೊಸ ಪರಾಮರ್ಶೆ ಬರೆದ. ಮೂರನೆಯ ವರ್ಷಕ್ಕೆ ಅದು ಅರವತ್ತು ಪುಟ ದಾಟಿತು.

ನಾಲ್ಕನೆಯ ಮಾರ್ಚಿಗೆ ಮಾಲಿಂಗಪ್ಪನೂ ರಾಚಪ್ಪ, ಹಣಮಂತರ ಜೊತೆಗೆ ಗೋಕಾಕಕ್ಕೆ ಬಂದ. ಮಾಳಿಗೆಯಲ್ಲಿ ಪರಪ್ಪನವರು ಕನ್ನಡಕ ಏರಿಸಿ, ಕೆಂಪು ವಸ್ತ್ರದಲ್ಲಿ ಸುತ್ತಿದ ಚೆಂಡನ್ನು ನೋಡಿ, “ಆರಾಮ ಐತೇನು?” ಎಂದು ಕೇಳಿದರು. “ಆರಾಮ ಐತ್ರಿ,” ಎಂದು ರಾಚಪ್ಪ ಅದರ ಪರವಾಗಿ ಹೇಳಿದ. “ಸ್ವಲ್ಪ ಇಳದಂಗ ಕಾಣತೈತಿ,” ಎಂದು ಪರಪ್ಪನವರು ದಾಖಲೆಗೆ ಸಿಕ್ಕಾ ಒತ್ತಿದರು.

ಕೆಳಗಿಳಿದು ಬಂದು ಮೂವರೂ ಬೇವಿನ ನೆರಳಿಗೆ ಕುಳಿತರು. ರಾಚಪ್ಪ ವಸ್ತ್ರ ಬಿಚ್ಚಿ, ಗಾಳಿಯಾಡಲಿ ಎಂದು ಚೆಂಡನ್ನು ನೆಲದ ಮೇಲಿಟ್ಟ. ಮಾಲಿಂಗಪ್ಪ ಅದನ್ನೇ ನೋಡುತ್ತಿದ್ದ. ನಾಲ್ಕು ವರ್ಷದಿಂದ ಅವನು ಹೊಲದಲ್ಲಿ ಹೆಂಟೆ ಒದ್ದಿದ್ದ, ಸೋರೆಕಾಯಿ ಒದ್ದಿದ್ದ, ಒಮ್ಮೆ ತಪ್ಪಿ ಟಗರನ್ನೂ ಒದ್ದಿದ್ದ. ಅವನ ಬಲಗಾಲಿನ ಹೆಬ್ಬೆರಳು ತಾನಾಗಿ ಮಿಸುಕಿತು.

“ರಾಚಪ್ಪಣ್ಣ,” ಎಂದ. “ಒಂದ ಸಲ ಒದೀಲೇನು? ಮೆತ್ತಗ.”

ಆ ಒದೆತದ ಬಗ್ಗೆ ರಾಚಪ್ಪ ಅರವತ್ತು ಪುಟ ಬರೆದಿದ್ದ, ಕಂಡದ್ದು ಒಂದೇ ಒಂದು ಸಲ. ಇನ್ನೊಮ್ಮೆ ಕಾಣಬೇಕೆಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ ಕಣ್ಣು ತುಂಬಿ ಬಂದವು. ಅವನು ಹಣಮಂತನ ಕಡೆ ನೋಡಿದ. ಹಣಮಂತನೂ ಕರದಂಟು ಅಗಿಯುವುದನ್ನು ನಿಲ್ಲಿಸಿ ಆ ಕಾಲನ್ನೇ ನೋಡುತ್ತಿದ್ದ. ರಾಚಪ್ಪ ಚೆಂಡನ್ನು ಎತ್ತಿ ಮಡಿಲಿಗೆ ಹಾಕಿಕೊಂಡ.

“ಬ್ಯಾಡಪಾ,” ಎಂದ. “ಜೀವ ಇರೂದು. ನೋವಾಕ್ಕತಿ.”

“ಹೌದಲ್ಲ, ನನಗ ತಿಳೀಲಿಲ್ಲ,” ಎಂದು ಮಾಲಿಂಗಪ್ಪ ಕಾಲನ್ನು ಕಂಬಳಿಯೊಳಗೆ ಮಡಚಿಕೊಂಡ. ಆಮೇಲೆ ಬಗ್ಗಿ, ರುಮಾಲಿನ ಚುಂಗಿನಿಂದ ಚೆಂಡಿನ ಮೇಲಿನ ಧೂಳನ್ನು ನೋವಾಗದ ಹಾಗೆ ಒರೆಸಿದ.