ಸೀರೆಯ ಹಿಂದೆ ಹೋದ ಯಜಮಾನರು

ನಮ್ಮ ಯಜಮಾನರು ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಹೆಂಡತಿಯ ಮುಖವನ್ನೇ ನೋಡಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ, ಪರವಾಗಿಲ್ಲ. ಕಲ್ಯಾಣದುರ್ಗದ ನಮ್ಮ ಬೀದಿಗೆ ಬಂದು ಯಾರನ್ನಾದರೂ ಕೇಳಿ. ಅವರಿಗೆ ಕಾಣುವುದು ಸೀರೆ ಮಾತ್ರ. ಅದರೊಳಗೆ ಒಬ್ಬ ಹೆಂಗಸೂ ಇರುತ್ತಾಳೆ ಎನ್ನುವುದು ಅವರ ಮಟ್ಟಿಗೆ ಬರೀ ಗಾಳಿಸುದ್ದಿ!

ಹುಟ್ಟಿದ್ದು ಮಗ್ಗದ ಮನೆಯಲ್ಲಿ, ಅಂಬೆಗಾಲಿಟ್ಟಿದ್ದು ಮಗ್ಗದ ಗುಂಡಿಯ ಪಕ್ಕದಲ್ಲಿ. ಈಗಲೂ ದಿನಾ ಹತ್ತು ತಾಸು ಅವರು ಮಗ್ಗದಲ್ಲಿ ಕೂರುತ್ತಾರೆ, ಎದುರಿಗೆ ನಾನು ರಾಟೆ ಹಾಕಿಕೊಂಡು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತೇನೆ. ಇಷ್ಟು ಹತ್ತಿರ ಕೂತು ಇಷ್ಟು ಕಡಿಮೆ ಮಾತಾಡುವ ಗಂಡ ಹೆಂಡತಿ ಇಡೀ ತಾಲ್ಲೂಕಿನಲ್ಲಿ ಇನ್ನೊಂದು ಜೋಡಿ ಇರಲಾರದು. ಇರಲಿ, ವಿಷಯಕ್ಕೆ ಬರುತ್ತೇನೆ.

ನನ್ನನ್ನು ನೋಡಲು ಬಂದ ದಿನವೇ ಇವರ ಲಕ್ಷಣ ಗೊತ್ತಾಗಿತ್ತು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ನಿಂತೆ. ಅವರ ದೊಡ್ಡಪ್ಪ, ಹುಡುಗಿ ಒಪ್ಪಿಗೆಯೇನಪ್ಪ ಎಂದು ಕೇಳಿದರು. ಇವರು ನನ್ನ ಮೊಣಕಾಲಿನ ಮಟ್ಟದಲ್ಲಿ ಕಣ್ಣು ನೆಟ್ಟು, "ಅಂಚು ಚೆಂದಾಗೈತೆ. ಒಡಲಲ್ಲಿ ಮಾತ್ರ ಒಂದು ಎಳೆ ಬಿಟ್ಟೋಗೈತೆ" ಎಂದರು. ಹಿರಿಯರು ಅದನ್ನೇ ಒಪ್ಪಿಗೆ ಎಂದುಕೊಂಡು ತಾಂಬೂಲ ಬದಲಾಯಿಸಿಕೊಂಡುಬಿಟ್ಟರು. ಎಳೆ ಬಿಟ್ಟಿದ್ದು ಸೀರೆಯಲ್ಲೋ ನನ್ನಲ್ಲೋ ಎಂದು ನಾನು ಆವತ್ತಿನಿಂದ ಯೋಚಿಸುತ್ತಲೇ ಇದ್ದೇನೆ.

ಒಮ್ಮೆ ನಮ್ಮ ಕಡೆಯ ಮದುವೆಯಲ್ಲಿ ನನ್ನ ಅತ್ತಿಗೆಯನ್ನು ಕಂಡು, ಮಂಡಿ ನೋವು ಹೇಗಿದೆ ಎಂದು ಬಹಳ ಅಕ್ಕರೆಯಿಂದ ವಿಚಾರಿಸಿದರು. ಅತ್ತಿಗೆಗೆ ಬಲು ಸಂತೋಷವಾಯಿತು. ಊಟದ ಹೊತ್ತಿಗೆ ಆಕೆ ಸೀರೆ ಬದಲಾಯಿಸಿ ಬಂದಳು. ಇವರು ಕೈಮುಗಿದು, "ತಾವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?" ಎಂದು ಕೇಳಬೇಕೆ! ಆ ಅತ್ತಿಗೆ ಇವತ್ತಿಗೂ ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ.

ಬಸ್ಸಿನಲ್ಲಂತೂ ಕೇಳಲೇಬೇಡಿ. ಮುಂದಿನ ಸೀಟಿನವರ ಸೆರಗು ಹಿಂದಕ್ಕೆ ಬಿದ್ದಿದ್ದರೆ ಇವರ ಬೆರಳು ಸುಮ್ಮನಿರದು. ಮೆಲ್ಲಗೆ ಸೆರಗನ್ನು ಮಗುಚಿ ಹಿಂಬದಿ ನೋಡುತ್ತಾರೆ. ಒಮ್ಮೆ ಕುಂದುರ್ಪಿಯ ಕಡೆಯ ಒಬ್ಬ ಗಟ್ಟಿ ಹೆಂಗಸು ತಿರುಗಿ ಚಪ್ಪಲಿ ತೆಗೆದಳು. ಇವರು ಚಪ್ಪಲಿಯನ್ನು ಲೆಕ್ಕಕ್ಕೇ ಇಡದೆ, ಕೊಂಚ ಈ ಕಡೆ ತಿರುಗಮ್ಮ, ಕುಚ್ಚು ಕಾಣಿಸುತ್ತಿಲ್ಲ ಎಂದರು. ಆಕೆ ಹೊಡೆಯಬೇಕೋ ಕುಚ್ಚು ತೋರಿಸಬೇಕೋ ತಿಳಿಯದೆ ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು.

ಹೀಗಿರುವವರ ಜೊತೆ ಪ್ರವಾಸ! ಅನಂತಪುರದಲ್ಲಿ ಡಿಗ್ರಿ ಓದುವ ಮಗಳು, ನೀವಿಬ್ಬರೂ ಜನ್ಮದಲ್ಲಿ ಎಲ್ಲಿಗೂ ಹೋದವರಲ್ಲ ಎಂದು ಗದರಿ, ತನ್ನ ಫೋನಿನಲ್ಲೇ ಹಿಂದೂಪುರದಲ್ಲಿ ಒಂದು ಲಾಡ್ಜ್ ರೂಮು ಹಿಡಿದುಬಿಟ್ಟಳು. ಎಲ್ಲರೂ ಊಟಿಗೆ ಹೋಗುತ್ತಾರೆ, ನಾವು ಹಿಂದೂಪುರಕ್ಕೆ. ಸೋಮವಾರ ಬೆಳಗ್ಗೆ ಮಗ್ಗಕ್ಕೆ ಕೂರಲೇಬೇಕು ಎಂದು ಯಜಮಾನರು ಹಟ ಹಿಡಿದರೆ ಇನ್ನೆಲ್ಲಿಗೆ ಹೋಗಲಾದೀತು?

ನಾನೂ ಒಂದು ಷರತ್ತು ಹಾಕಿದೆ. ಎರಡು ದಿನ ಸೀರೆಯ ಸುದ್ದಿ ಎತ್ತಬಾರದು. ಮಾತಾಡುವುದಿದ್ದರೆ ನನ್ನ ಮುಖ ನೋಡಿ ಮಾತಾಡಬೇಕು. "ಆಯ್ತು ಕಣಮ್ಮ" ಎಂದರು, ನನ್ನ ನೆರಿಗೆಗಳಿಗೆ. ನೀವು ನಗುತ್ತೀರಿ. ನನಗೆ ಮಾತ್ರ ಒಳಗೊಳಗೇ ಒಂದು ಕೊರಗಿತ್ತು. ನಾಳೆ ನಾನೆಲ್ಲಾದರೂ ತಪ್ಪಿಸಿಕೊಂಡರೆ ಈ ಮನುಷ್ಯ ನನ್ನನ್ನು ಗುರುತು ಹಿಡಿಯುತ್ತಾರಾ? ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವಾದರೂ ನನ್ನನ್ನು ನೋಡಿದ್ದಾರಾ? ಈ ಪ್ರವಾಸದಲ್ಲಿ ಅದೊಂದು ಗೊತ್ತಾದರೆ ಸಾಕು ಎಂದುಕೊಂಡಿದ್ದೆ.

ನಮ್ಮ ಬಸ್ಸು ಆಂಧ್ರದಲ್ಲಿ ಹೊರಟು, ಕರ್ನಾಟಕದ ಪಾವಗಡದಲ್ಲಿ ಟೀಗೆ ನಿಂತು, ಮತ್ತೆ ಆಂಧ್ರಕ್ಕೆ ಇಳಿಯಿತು. ಅಷ್ಟೂ ದೂರ ಇವರು ಕಿಟಕಿಯಾಚೆಯ ಶೇಂಗಾ ಹೊಲಗಳನ್ನು ನೋಡುತ್ತ ಕೂತರು. ಹಿಂದೂಪುರದ ಹೋಟೆಲಿನಲ್ಲಿ ರೇಷ್ಮೆ ಸೀರೆಯವರು ಯಾರಾದರೂ ಒಳಗೆ ಬಂದರೆ ಸಾಕು, ತಟ್ಟನೆ ತಲೆ ಎತ್ತಿ ಫ್ಯಾನು ನೋಡುತ್ತಿದ್ದರು. ಸಪ್ಲೈಯರ್ ಪಾಪ, ಸೆಕೆ ಎಂದುಕೊಂಡು ಫ್ಯಾನು ಜೋರು ಮಾಡುತ್ತಲೇ ಹೋದ, ನಮ್ಮ ದೋಸೆ ಆರಿಹೋಯಿತು. ಶನಿವಾರ ಹೇಗೋ ಕಳೆಯಿತು. ನನ್ನ ಮುಖವನ್ನಂತೂ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಲೇಪಾಕ್ಷಿಗೆ ಹೊರಟೆವು. ನಮ್ಮ ಮದುವೆಗೆ ಇಪ್ಪತ್ತು ವರ್ಷ ತುಂಬಿದಾಗ ಅವರು ನನಗೆಂದು ನೇಯ್ದ ಸೀರೆಯನ್ನು ಉಟ್ಟಿದ್ದೆ. ಬದನೆಕಾಯಿ ಬಣ್ಣದ ಒಡಲು, ಗಿಳಿಹಸಿರು ಅಂಚು, ಸೆರಗಿನಲ್ಲಿ ಹಿಂದಕ್ಕೆ ತಿರುಗಿ ನೋಡುವ ನವಿಲು. ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಮಗ್ಗಕ್ಕೆ ಒಮ್ಮೆ ಉದ್ದೆಳೆಗಳ ಹಾಸು ಏರಿಸಿದರೆ ಅದರಲ್ಲಿ ಇಳಿಯುವುದು ಒಂದೇ ಸೀರೆಯಲ್ಲ, ಮೂರು. ಮೂರಕ್ಕೂ ಅದೇ ಬಣ್ಣ, ಅದೇ ಅಂಚು, ಅದೇ ನವಿಲು. ಒಂದು ನನಗೆ ಬಂತು. ಉಳಿದೆರಡು ಹಿಂದೂಪುರದ ಅಂಗಡಿಯೊಂದಕ್ಕೆ ಹೋಗಿದ್ದವು. ಅದು ನನಗೂ ನೆನಪಿರಲಿಲ್ಲ, ಅವರಿಗೂ ನೆನಪಿರಲಿಲ್ಲ.

ಬಸ್ ಸ್ಟ್ಯಾಂಡಿನ ಕಂಬದ ಹತ್ತಿರ ಅವರನ್ನು ನಿಲ್ಲಿಸಿ, ಕದಲಬೇಡಿ ಎಂದು ಹೇಳಿ, ಬಾಳೆಹಣ್ಣು ತರಲು ಹೋದೆ. ಬಂದು ನೋಡಿದರೆ ಕಂಬ ಇದೆ, ಯಜಮಾನರಿಲ್ಲ! ಫೋನ್ ಮಾಡಿದೆ. ನನ್ನ ಬ್ಯಾಗೇ ಹಾಡತೊಡಗಿತು. ಜೇಬಿನಲ್ಲಿ ಫೋನ್ ಇಟ್ಟರೆ ಅಂಗಿಯ ಬಟ್ಟೆ ಜೋಲುತ್ತದೆ ಎಂದು ಅದನ್ನು ನನ್ನ ಬ್ಯಾಗಿಗೇ ಹಾಕಿದ್ದರು.

ಎಲ್ಲಿಗೆ ಹೋದರು? ಷರತ್ತು ಮುರಿದು ಯಾವುದೋ ಸೀರೆ ಅಂಗಡಿಗೆ ನುಗ್ಗಿದ್ದಾರೆ ಎಂದುಕೊಂಡು ಎದುರಿನ ಸಾಲಿನ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆ. ಸೀರೆ ಮಗುಚಿ ನೋಡಿ ನೇಯ್ಗೆಗೆ ಹೆಸರಿಡುವ ಗಂಡಸೊಬ್ಬರು ಬಂದಿದ್ದರಾ ಎಂದು ಕೇಳಿದೆ. ಅಂಗಡಿಯವರೊಬ್ಬರು, ಅಂಥವರು ಬೆಳಗ್ಗೆಯಿಂದ ನಾಲ್ಕು ಜನ ಬಂದಿದ್ದರು, ನಿಮ್ಮವರು ಯಾರು ಎಂದರು. ಹೇಗಿದ್ದಾರೆ ಎಂದು ಕೇಳಿದರು. ಬಿಳಿ ಅಂಗಿ ಎಂದೆ. ಆಮೇಲೆ ಏನು ಹೇಳಬೇಕೋ ತೋಚಲಿಲ್ಲ. ಮತ್ತೆ ಕಂಬಕ್ಕೆ ಬಂದೆ. ಕಂಬದ ಈ ಕಡೆ ಸ್ವಲ್ಪ ಹೊತ್ತು ನಿಂತೆ, ಆ ಕಡೆ ಸ್ವಲ್ಪ ಹೊತ್ತು ನಿಂತೆ.

ಯಜಮಾನರು ಅಷ್ಟು ಹೊತ್ತಿಗೆ ಲೇಪಾಕ್ಷಿಯ ಮೇಲೆ ಹೋಗುವ ಕೊಡಿಕೊಂಡದ ಬಸ್ಸಿನಲ್ಲಿದ್ದರು. ಇದೆಲ್ಲ ಆಮೇಲೆ ಅವರೇ ಹೇಳಿದ್ದು. ಬದನೆಕಾಯಿ ಬಣ್ಣದ ಸೀರೆ ಬಸ್ ಹತ್ತಿತು, ಇವರೂ ಹತ್ತಿದರು. ಸೀರೆ ಮುಂದೆ ಹೆಂಗಸರ ಸಾಲಿನಲ್ಲಿ ಕೂತಿತು, ಇವರು ಹಿಂದೆ ಕೂತರು. ನವಿಲು ನೋಡಿದ ಮೇಲೆ ಅನುಮಾನ ಇನ್ನೆಲ್ಲಿಯದು? ಕಂಡಕ್ಟರಿಗೆ, "ನಮ್ಮೋಳು ಮುಂದೆ ಕುಂತವ್ಳೆ, ಇಬ್ರಿಗೂ ಲೇಪಾಕ್ಷಿ" ಎಂದರಂತೆ. ಲೇಪಾಕ್ಷಿ ಬಂತು. ಇವರು ಎದ್ದರು, ಸೀರೆ ಏಳಲಿಲ್ಲ. ನಿನ್ನೆಯಿಡೀ ಮುಖ ನೋಡಲಿಲ್ಲವೆಂದು ಮುನಿಸಿಕೊಂಡಿದ್ದಾಳೆ, ರಮಿಸಲು ಇದು ಜಾಗವಲ್ಲ ಎಂದುಕೊಂಡು ಮತ್ತೆ ಕೂತರಂತೆ. ಕೊಡಿಕೊಂಡದಲ್ಲಿ, ಹೈವೇಯ ಚೆಕ್‌ಪೋಸ್ಟಿನ ಲಾರಿಗಳ ನಡುವೆ, ಸೀರೆ ಇಳಿಯಿತು. ಇವರು ಹಿಂದೆಯೇ ಇಳಿದು, ಸಿಟ್ಟು ಬಿಡು ಎಂದು ಧೈರ್ಯವಾಗಿ ಮುಖ ನೋಡಿದರು. ಯಾರದೋ ಮುಖ! ಆಕೆ "ಎವರಯ್ಯಾ ನುವ್ವು?" ಎಂದು ತೆಲುಗಿನಲ್ಲೇ, ನೀನು ಯಾರಯ್ಯ ಎಂದು ಗದರಿದಳಂತೆ. ಇವರು ಆಕೆಗೊಂದು ಕೈಮುಗಿದು ಹಿಂದೂಪುರಕ್ಕೆ ವಾಪಸ್ ಹೊರಟ ಬಸ್ಸು ಹತ್ತಿದರಂತೆ.

ನಾನು ಕಂಬದ ಬಳಿ ಕೂತು ಮೂರು ತಾಸು ಆಗಿತ್ತು. ಸಿಟ್ಟು ಬಂತು, ಹೋಯಿತು. ಅದು ಹೋದ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಬಿಸಿಲು ಬಂತೆಂದು ಆಚೆ ಕೊನೆಯ ಬೆಂಚಿಗೆ ಹೋಗಿ ಕೂತೆ. ಅಷ್ಟರಲ್ಲಿ ವಿಚಾರಣೆ ಕೌಂಟರಿನ ಮೈಕು ಗರಗರ ಎಂದಿತು. ಒಳಗಿದ್ದವರು ಸ್ವಿಚ್ಚು ಆರಿಸದೆಯೇ ಯಾರೊಂದಿಗೋ ಮಾತಾಡುತ್ತಿದ್ದರು. ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು.

"ಚೀರ ಏ ರಂಗು? ಸೀರೆ ಬಣ್ಣ ಹೇಳಪ್ಪ, ಅನೌನ್ಸ್ ಮಾಡ್ತೀನಿ."

"ಸೀರೆ ಬ್ಯಾಡ ಕಣಪ್ಪ. ಸೀರೆ ನಂಬ್ಕೊಂಡೇ ಕೆಟ್ಟೆ. ಮಖ ಯೋಳ್ತೀನಿ, ಬರ್ಕೊ."

ನನ್ನ ಯಜಮಾನರ ದನಿ! ಬೆಂಚಿನಿಂದ ಎದ್ದೆ.

"ಎಡಗಡೆ ಹುಬ್ಬಲ್ಲಿ ಒಂದು ಗೀರು ಐತೆ. ಮಗಳು ಮೂರು ತಿಂಗಳ ಕೂಸಾಗಿದ್ದಾಗ ಕಿಟಕಿ ತಾಗಿದ್ದು. ನಕ್ಕರೆ ಬಲಗೆನ್ನೇಲಿ ಮಾತ್ರ ಗುಳಿ ಬೀಳ್ತೈತೆ. ಸಿಟ್ಟು ಬಂದ್ರೆ ಕೆಳದುಟಿ ಒಳಿಕ್ಕೆ ಎಳ್ಕೊಂತಾಳೆ. ಅಳಾಕೆ ಮುಂಚೆ ಮೂಗಿನ ತುದಿ ಕೆಂಪಾಗ್ತೈತೆ. ಈಗ ಕೆಂಪಾಗಿರ್ತೈತೆ, ನೋಡ್ರಪ್ಪ."

ಬಸ್ ಸ್ಟ್ಯಾಂಡಿನ ಜನವೆಲ್ಲ ಅಕ್ಕಪಕ್ಕದ ಹೆಂಗಸರ ಮೂಗು ನೋಡತೊಡಗಿದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೌಂಟರಿಗೆ ಓಡಿದೆ.

ಲೇಪಾಕ್ಷಿ ನೋಡಲಿಲ್ಲ. ಸಂಜೆಯ ಬಸ್ಸಿಗೆ ಊರಿಗೆ ಹೊರಟೆವು. ಪಾವಗಡದಲ್ಲಿ ಬಸ್ಸು ಮತ್ತೆ ಟೀಗೆ ನಿಂತಿತು. ಕೊನೆಗೆ ನಾನೇ ಕೇಳಿದೆ. ಇಷ್ಟೆಲ್ಲ ಯಾವಾಗ ನೋಡಿದಿರಿ? ನನ್ನ ಕಣ್ಣಿಗೆ ಒಂದು ದಿನವೂ ಬೀಳಲಿಲ್ಲವಲ್ಲ?

"ದಿನಾ ನೋಡ್ತೀನಲ್ಲಮ್ಮ, ಮಗ್ಗದಾಗೆ ಕುಂತು" ಎಂದರು. "ನೀನು ಕಂಡಿಕೆ ಸುತ್ತುತಿರ್ತೀಯ. ತಲೆ ಎತ್ತಾಕಿಲ್ಲ."

ಹೌದಲ್ಲ. ರಾಟೆಯ ಮುಂದೆ ಎಳೆ ತುಂಡಾದೀತೆಂದು ಇಪ್ಪತ್ತೆರಡು ವರ್ಷ ತಲೆ ಬಗ್ಗಿಸಿ ಕೂತವಳು ನಾನು. ಅಂಗಡಿಯವರು ಹೇಗಿದ್ದಾರೆ ಎಂದು ಕೇಳಿದಾಗ ಬಿಳಿ ಅಂಗಿ ಎಂದವಳೂ ನಾನೇ. ತಿರುಗಿ ಅವರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಹುಬ್ಬುಗಳೆರಡೂ ಪೂರ್ತಿ ಬೆಳ್ಳಗಾಗಿದ್ದವು. ಅವು ಯಾವಾಗ ನರೆತವೋ ನನಗೆ ಗೊತ್ತೇ ಇರಲಿಲ್ಲ.