ರೊಟ್ಟಿ ಆರಿಸಿದ ನನ್ನ ಇಂಗ್ಲಿಷ್

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಗುಂಡ್ಲುಪೇಟೆಯಲ್ಲಿ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಆ ಜವಾಬ್ದಾರಿಯೂ ನನ್ನ ಮೇಲೆಯೇ ಬಿದ್ದಿದೆ. ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುವ ನಾನು ಔಷಧಿ ಡಬ್ಬಿಗಳ ಮೇಲಿನ ಸಣ್ಣಕ್ಷರವನ್ನೆಲ್ಲ ಓದಿ ರೈತರಿಗೆ ವಿವರಿಸುತ್ತೇನೆ. ಅವರು ಹೂಂ ಹೂಂ ಎಂದು ಕೇಳಿ, ಮಾಲೀಕರನ್ನು ಮತ್ತೊಮ್ಮೆ ಕೇಳಿಕೊಂಡು ಹೋಗುತ್ತಾರೆ.

ಹೀಗಿರುವಾಗ ನನ್ನ ಹೆಂಡತಿ ರತ್ನಳಿಗೆ ಒಂದು ಅವಕಾಶ ಬಂತು. ಗೋಪಾಲಸ್ವಾಮಿ ಬೆಟ್ಟಕ್ಕೆ ಬರುವವರು ಉಳಿದುಕೊಳ್ಳುವ ಒಂದು ಹೊಸ ಗೆಸ್ಟ್‌ಹೌಸಿಗೆ ದಿನಾ ಬೆಳಿಗ್ಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿಕೊಡುವವರು ಬೇಕಿತ್ತು. ಮ್ಯಾನೇಜರ್ ಮೇಡಂ ಭಾನುವಾರ ಮನೆಗೇ ಬಂದು ರುಚಿ ನೋಡುವುದಾಗಿ ಹೇಳಿದ್ದರು. ಆರ್ಡರ್ ಸಿಕ್ಕರೆ ರತ್ನ ಮತ್ತು ಪಕ್ಕದ ಮನೆಯ ಪುಟ್ಟಮ್ಮ ಇಬ್ಬರಿಗೂ ಬಿಸಿಲಲ್ಲಿ ಚೆಂಡುಹೂವು ಕೀಳುವ ಕೂಲಿ ತಪ್ಪುತ್ತಿತ್ತು. ಹೂವು ಕಿತ್ತು ಕಿತ್ತು ರತ್ನಳ ಬೆರಳೆಲ್ಲ ಬಿರಿದಿತ್ತು. ಈ ಆರ್ಡರ್ ಅವಳಿಗೆ ಬೇಕೇ ಬೇಕಿತ್ತು.

"ಮೇಡಂ ಇಂಗ್ಲಿಷಲ್ಲಿ ಮಾತಾಡ್ತಾರಂತೆ. ನಿನ್ ಕೈಲಾಯ್ತದಾ?" ಎಂದೆ.

"ಕಮ್ ಮೇಡಂ, ಸಿಟ್ ಮೇಡಂ, ಈಟ್ ಮೇಡಂ. ಸಾಕಲ್ವಾ? ರೊಟ್ಟಿ ತಾನೇ ಮಾತಾಡ್ತದೆ ಬುಡಿ" ಎಂದಳು ರತ್ನ.

ಎಂಥ ಅಜ್ಞಾನ! ತಕ್ಷಣ ಜಗುಲಿಯ ಮೇಲೆ ತರಗತಿ ಆರಂಭಿಸಿದೆ. ವಿಷಯ: ದಿನಬಳಕೆಯ ಇಂಗ್ಲಿಷ್ ಪದಗಳ ನಾನಾರ್ಥಗಳು. ವಿದ್ಯಾರ್ಥಿನಿಯರು ರತ್ನ ಮತ್ತು ಪುಟ್ಟಮ್ಮ.

"ಲೈಟ್ ಅಂದ್ರೆ ದೀಪ ಮಾತ್ರ ಅಲ್ಲ. ಹಗುರ ಅನ್ನೋದೂ ಲೈಟೇ. ತಿಳಿ ಬಣ್ಣವೂ ಲೈಟೇ. ರೈಟ್ ಅಂದ್ರೆ ಸರಿ, ರೈಟ್ ಅಂದ್ರೆ ಬಲಗಡೆ, ರೈಟ್ ಅಂದ್ರೆ ಹಕ್ಕು."

"ಉಮ್ಮತ್ತೂರು ಬಸ್ಸಲ್ಲಿ ರೈಟ್ ಅಂದ್ರೆ ಗಾಡಿ ಒಂಟೋಯ್ತದೆ ಕಣಣ್ಣ" ಎಂದಳು ಪುಟ್ಟಮ್ಮ.

"ಅದು ನಾಲ್ಕನೇ ಅರ್ಥ!" ಎಂದು ಮೆಚ್ಚಿಕೊಂಡೆ. ವಾಟರ್ ಎಂದರೆ ಕುಡಿಯುವ ನೀರೂ ಹೌದು, ಗಿಡಕ್ಕೆ ನೀರು ಹಾಕುವುದೂ ಹೌದು, ಆಸೆಯಿಂದ ಬಾಯಲ್ಲಿ ನೀರೂರುವುದೂ ಹೌದು ಎಂದು ಕೈ ಬಾಯಿ ಆಡಿಸಿ ತೋರಿಸಿದೆ. ಒಂದು ಪದದ ಎಲ್ಲ ಅರ್ಥ ಯೋಚಿಸದೆ ಬಾಯಿ ತೆರೆಯುವುದು ಅಪಾಯ ಎಂದು ಗಂಭೀರವಾಗಿ ಎಚ್ಚರಿಸಿದೆ. ಶನಿವಾರದ ಹೊತ್ತಿಗೆ ಇಬ್ಬರೂ ಎಷ್ಟು ಎಚ್ಚರವಾದರೆಂದರೆ, ಬಸ್ಸು, ಫ್ಯಾನು, ಸ್ವಿಚ್ಚು ಎನ್ನುವುದಕ್ಕೂ ಹಿಂದೆಮುಂದೆ ನೋಡತೊಡಗಿದರು. ನನಗೆ ಬಹಳ ತೃಪ್ತಿಯಾಯಿತು.

ಭಾನುವಾರ ಮೇಡಂ ಬಂದರು. ರತ್ನ ಬಾಗಿಲಲ್ಲಿ ನಿಂತು ಬಾಯಿ ತೆರೆದಳು, ಮುಚ್ಚಿದಳು. 'ಕಮ್ ಮೇಡಂ' ಹೊರಗೇ ಬರಲಿಲ್ಲ. ನಾನು ಕೈಬಿಡುವವನೇ? ಮುಂದೆ ನುಗ್ಗಿ ನಮಸ್ಕರಿಸಿದೆ.

"ವೆರಿ ನೈಸ್ ಹೌಸ್" ಎಂದರು ಮೇಡಂ.

ನೈಸ್ ಎಂದರೆ ಚೆನ್ನಾಗಿದೆ ಎಂದೋ, ನುಣುಪಾಗಿದೆ ಎಂದೋ ಎಂದು ಅವರನ್ನೇ ಇಂಗ್ಲಿಷಿನಲ್ಲಿ ವಿಚಾರಿಸಿದೆ. ಅವರು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಗಾಬರಿಯಲ್ಲಿದ್ದಾರೆ, ಪಾಪ, ಎಂದುಕೊಂಡೆ.

ಎಲೆ ಹಾಕಿದೆವು. ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ನಮ್ಮ ಕಡೆ ಮನೆಯ ಯಜಮಾನ 'ಸಾವಕಾಶವಾಗಿ ಊಟ ಮಾಡಿ' ಎನ್ನುವವರೆಗೆ ಬಂದವರು ಎಲೆಗೆ ಕೈ ಹಾಕುವುದಿಲ್ಲ. ಮೇಡಮ್ಮಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ, ನನ್ನ ಮುಖ ನೋಡುತ್ತಾ ಕೂತರು. ಆ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಮುಂಚೆ ಸಣ್ಣ ಪೀಠಿಕೆ ಹಾಕೋಣ ಎನ್ನಿಸಿತು. ಟೇಸ್ಟ್ ಎಂದರೆ ರುಚಿ, ಟೇಸ್ಟ್ ಎಂದರೆ ಅಭಿರುಚಿ, ಎಂದು ಶುರು ಮಾಡಿದೆ. ಬೆಣ್ಣೆ ಕರಗಿತು. ಮತ್ತೆ ಗಟ್ಟಿಯಾಯಿತು. ನಾನು ಮುಂದುವರಿಸಿದೆ.

ಕೊನೆಗೆ ಮೇಡಂ ತಾವೇ ರೊಟ್ಟಿ ಮುರಿಯಲು ಹೋದರು. ರೊಟ್ಟಿ ಮುರಿಯಲಿಲ್ಲ! ಎಳೆದರು. ಅದೂ ಎಳೆಯಿತು. ಒಂದು ತುಂಡು ಹೇಗೋ ನುಂಗಿ ಕೆಮ್ಮಿದರು. "ವಾಟರ್... ವಾಟರ್!"

ಚೊಂಬು ಹಿಡಿದು ನಿಂತಿದ್ದ ಪುಟ್ಟಮ್ಮ ಕದಲಲಿಲ್ಲ. ನನ್ನ ಕಡೆ ತಿರುಗಿ ಭಕ್ತಿಯಿಂದ ಕೇಳಿದಳು, "ಯಾವರ್ಥದಲ್ಲಣ್ಣ?"

ರತ್ನ ಚೊಂಬು ಕಿತ್ತುಕೊಂಡು ಕುಡಿಸಿದಳು. ಸುಧಾರಿಸಿಕೊಂಡ ಮೇಡಂ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಫೋನಿನಲ್ಲಿ ಯಾರಿಗೋ ತಮಿಳಿನಲ್ಲಿ ಹೇಳಿದರು, "ಸಾಪ್ಪಾಡು ಆರಿಪ್ಪೋಚ್ಚು. ವರೇನ್." ಊಟ ಆರಿಹೋಯ್ತು, ಬರ್ತೀನಿ ಎಂದು, ರತ್ನ ಆಮೇಲೆ ಬಿಡಿಸಿ ಹೇಳಿದಳು. ಆರ್ಡರ್ ಬಾಗಿಲು ದಾಟುತ್ತಿತ್ತು.

ಆದರೆ ರತ್ನಳ ತವರು ಚಾಮರಾಜನಗರದಿಂದಾಚೆ, ತಮಿಳುನಾಡಿನ ಗಡಿಗೆ ಅಂಟಿಕೊಂಡ ಹಳ್ಳಿ. ಅಲ್ಲಿ ಸಂತೆಯಲ್ಲಿ ಕುರಿಗೂ ತಮಿಳು ಬರುತ್ತದೆ.

"ಇರುಂಗ ಅಕ್ಕಾ! ಸೂಡಾ ಸುಟ್ಟು ತರೇನ್!" ಎಂದು ರತ್ನ ಅಡ್ಡ ನಿಂತಳು. ಇರಿ ಅಕ್ಕ, ಬಿಸಿಯಾಗಿ ಸುಟ್ಟು ಕೊಡ್ತೀನಿ!

"ಅಡಡಾ, ತಮಿಳಾ!" ಎಂದು ಮೇಡಂ ಬ್ಯಾಗು ಕೆಳಗಿಟ್ಟರು. ಅವರು ಕಾಡಿನಾಚೆಯ ಗೂಡಲೂರಿನವರಂತೆ. ನಾನು ಕೇಳಿರಲೇ ಇಲ್ಲ. ನನಗೆ ಹೇಳುವುದೇ ಬಹಳವಿತ್ತಲ್ಲ!

"ರೀ, ಓಗಿ ಮೊಸರು ತನ್ನಿ" ಎಂದಳು ರತ್ನ.

"ಮನೇಲೇ ಮೊಸರಿದೆಯಲ್ಲಾ?"

"ಇರ್ಲಿ. ತನ್ನಿ. ದೂರದಂಗಡೀದೇ ಬೇಕು."

ನಾನು ಮೊಸರು ತರುವಷ್ಟರಲ್ಲಿ ಮೇಡಂ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು, ಕೆಂಡದಿಂದ ಎತ್ತಿದ ರೊಟ್ಟಿಯನ್ನು ಊದಿ ಊದಿ ತಿನ್ನುತ್ತಿದ್ದರು. ಪುಟ್ಟಮ್ಮ ಕನ್ನಡದಲ್ಲೇ ನಗಿಸುತ್ತಿದ್ದಳು. ಆರ್ಡರ್ ಖಾಯಂ ಆಗಿತ್ತು, ಸೋಮವಾರದಿಂದಲೇ. ರತ್ನಳ ಕಣ್ಣು ತುಂಬಿತ್ತು. ನನಗೂ ತುಂಬಾ ಖುಷಿಯಾಯಿತು. ಮೊದಲ ಅನಿಸಿಕೆ ಮೂಡಿಸಿದವನು ನಾನೇ ಅಲ್ಲವೇ?

ಹೊರಡುವಾಗ ಮೇಡಂ ನನ್ನ ಕಡೆ ನೋಡಿ ರತ್ನಳಿಗೆ ತಮಿಳಿನಲ್ಲಿ ಏನೋ ಹೇಳಿದರು. ಇಬ್ಬರೂ ನಕ್ಕರು. ಹೊಗಳಿಕೆ ಇರಬೇಕೆಂದು ನಾನೂ ಸೇರಿ ನಕ್ಕೆ. ಆಮೇಲೆ ಕೇಳಿದೆ, "ಏನಂದ್ರು?"

"ರೊಟ್ಟಿ ತರುವಾಗ ನಿನ್ ಗಂಡನ್ನ ಮಾತ್ರ ಕರ್ಕೊಂಡು ಬರ್ಬೇಡ ಅಂದ್ರು ಕಣ್ರೀ."

ಅಲ್ಲಿಯೇ ಕೂತು ಬಹಳ ಹೊತ್ತು ಯೋಚಿಸಿದೆ. ಈ ಮಾತಿಗೆ ಎಷ್ಟು ಹುಡುಕಿದರೂ ಎರಡನೆಯ ಅರ್ಥ ಸಿಗಲಿಲ್ಲ.